ನವಾಬರ ಗತಿಯಲ್ಲಿ ಮೈಸೂರು ಕನ್ನಡ

ರಾಜ್ಯಗಳನ್ನು ಒಡೆಯುವವರು, ಕೂಡಿಸುವವರು ನನ್ನನ್ನೂ ಒಂದು ಮಾತು ಕೇಳಬಹುದಾಗಿತ್ತು. ಕೇಳಲಿಲ್ಲ. ಹೈದರಾಬಾದ್ ರಾಜ್ಯದಲ್ಲಿ ಮಲಗಿದ ನಾನು ಎದ್ದು ಹಲ್ಲುಜ್ಜಿದ್ದು ಮೈಸೂರು ರಾಜ್ಯದಲ್ಲಿ. ಬೀದರದ ಪಕ್ಕದ ಚಿದ್ರಿಯ ನಮ್ಮ ಮನೆ ಇದ್ದಲ್ಲಿಯೇ ಇತ್ತು. ಎಮ್ಮೆ ಅದೇ ಗೂಟದಲ್ಲಿತ್ತು. ನನ್ನ ಹೆಂಡತಿ ಗುಂಡಮ್ಮ ಹಿಂದಿನ ಸಂಜೆ ಅರ್ಧಕ್ಕೆ ಬಿಟ್ಟಿದ್ದ ಜಗಳವನ್ನು, ಯಾವ ಗಡಿಯನ್ನೂ ಲೆಕ್ಕಿಸದೆ, ಬಿಟ್ಟಲ್ಲಿಂದಲೇ ಮುಂದುವರಿಸಿದಳು. ಬದಲಾಗಬೇಕಾಗಿ ಬಂದವನು ನಾನೊಬ್ಬನೇ.

ಏಕೆಂದರೆ ನಾನು ಸರಕಾರಿ ಗುಮಾಸ್ತ. ಓದಿದ್ದು ಉರ್ದು ಶಾಲೆಯಲ್ಲಿ, ಬರೆದದ್ದು ಉರ್ದು ಕಾಗದ. ಕಚೇರಿಯ ಬಾಗಿಲು ದಾಟಿದೊಡನೆ ನನ್ನ ನಾಲಿಗೆ ತಾನೇ ಕಮಾನಿನಂತೆ ಬಾಗಿ "ಹುಜೂರ್" ಎನ್ನುತ್ತಿತ್ತು. ಕನ್ನಡವೆಂದರೆ ಮನೆಯಲ್ಲಿ ಬೈಸಿಕೊಳ್ಳುವುದಕ್ಕೆ ಮತ್ತು ಸಂತೆಯಲ್ಲಿ ಬದನೆಕಾಯಿ ಕೇಳುವುದಕ್ಕೆ ಇರುವ ಭಾಷೆ ಎಂದು ತಿಳಿದಿದ್ದೆ. ಈಗ ಅದೇ ಭಾಷೆಯಲ್ಲಿ ಸರಕಾರ ನಡೆಸುತ್ತಾರೆಂದರೆ, ಅಡುಗೆಮನೆಯ ಮಣೆಯನ್ನು ತಂದು ಸಿಂಹಾಸನವೆಂದು ಇಟ್ಟಂತಾಗಿತ್ತು ನನಗೆ.

ಅಷ್ಟರಲ್ಲಿ ಸುದ್ದಿ ಬಂತು: ಮೈಸೂರಿನಿಂದ ಹೊಸ ಸಾಹೇಬರು ಬರುತ್ತಾರೆ. ಅವರ ಪಕ್ಕದಲ್ಲಿ ಕುಳಿತು ಕಾಗದ ಮುಂದಿಡುವ ಪೇಶಕಾರನ ಜಾಗಕ್ಕೆ ನಮ್ಮಲ್ಲಿ ಒಬ್ಬನನ್ನು ಅವರೇ ಆರಿಸುತ್ತಾರೆ. ನಮ್ಮಲ್ಲಿ ಎಂದರೆ ನಾನು ಮತ್ತು ನನ್ನ ಜತೆಯ ಗುಮಾಸ್ತ ಹಾವಗೆಪ್ಪ. ಆಯ್ಕೆಯಾದವನು ಬೀದರದಲ್ಲಿ ಉಳಿಯುತ್ತಾನೆ. ಇನ್ನೊಬ್ಬ ವರ್ಗವಾಗಿ ಔರಾದಿಗೆ ಹೋಗುತ್ತಾನೆ.

ಔರಾದಿನ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ಆದರೆ ಭಾಲ್ಕಿಗೆ ಕೊಟ್ಟ ನಮ್ಮ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬರುವವಳಿದ್ದಳು. ಗುಂಡಮ್ಮ ಆಗಲೇ ತೊಟ್ಟಿಲಿಗೆ ಬಣ್ಣ ಬಳಿಸಿದ್ದಳು.

"ನೋಡ್ರಿ," ಎಂದಳು ಗುಂಡಮ್ಮ, ರೊಟ್ಟಿ ಬಡಿಯುತ್ತ. "ಮಗಳು ಮನಿಗಿ ಬಂದಾಗ ನೀವು ಔರಾದಿನಾಗ ಕುಂತಿದ್ರಿ ಅಂದ್ರ, ಮೊಮ್ಮಗನ ಕೈಲೆ ನಿಮಗ ಅಜ್ಜ ಅಂತ ಅನಸೂದಿಲ್ಲ. ಹೇಳಿಟ್ಟೀನಿ."

"ನನ್ನ ಕೈಯಾಗೇನದ? ಸಾಹೇಬ್ರು ಮೈಸೂರವರು. ನನ್ನ ಮಾತು ಅವರಿಗಿ ತಿಳೀಬೇಕಲ್ಲ?"

"ಯಾಕ ತಿಳಿಯೂದಿಲ್ಲ? ಅವರೇನು ಕನ್ನಡ ಮಾತಾಡೂದಿಲ್ಲೇನು?"

"ಅವರದು ಮೈಸೂರು ಕನ್ನಡ. ಅಲ್ಲಿ ನಾಯಿ ಓಡಸೂದಿದ್ರೂ ದಯವಿಟ್ಟು ಅಂತಾರಂತ."

"ಹಂಗಾದ್ರ ಕಲೀರಿ. ಉರ್ದು ಕಲಿತಿಲ್ಲೇನು? ಹಿಟ್ಟು ಅಂದ್ರ ಆಟಾ ಅನ್ಲಿಕ್ಕಿ ಕಲಿತವರಿಗಿ ಇದೇನು ದೊಡ್ಡದು?"

ಕಲಿಯಲು ನಾನು ಸಿದ್ಧ. ಕಲಿಸುವವರು ಬೇಕಲ್ಲ? ಬೀದರದಲ್ಲಿ ಆಗ ಮೈಸೂರನ್ನು ಕಂಡವರೇ ವಿರಳ. ಈ ಚಿಂತೆಯಲ್ಲಿ ಪೇಟೆಯ ನಡುವಿನ ಚೌಬಾರದ ಕಡೆಗೆ ಹೊರಟವನನ್ನು ಹಳೆಯ ಸಾಮಾನು ಮಾರುವ ಅಬ್ದುಲ ವಾಹೀದ ಕೂಗಿ ಕರೆದ. ಜಹಗೀರುಗಳು ಹೋದ ಮೇಲೆ ನವಾಬರ ದೇವಡಿ ಬಂಗಲೆಗಳಿಂದ ಹೊರಬಿದ್ದ ಕುರ್ಚಿ, ಕನ್ನಡಿ, ಹುಕ್ಕಾಗಳೆಲ್ಲ ಅವನ ಅಂಗಡಿಯಲ್ಲಿ ಕುಳಿತು ತಮ್ಮ ಹಳೆಯ ದಿನಗಳನ್ನು ನೆನೆಯುತ್ತಿದ್ದವು.

"ಅರೇ ಶಿವರಾಜಪ್ಪನವರ, ನಿಮ್ಮ ಫಿಕರ್ ನನಗ ಗೊತ್ತದ," ಎಂದ ವಾಹೀದ. (ಬೀದರದಲ್ಲಿ ಒಬ್ಬನ ಚಿಂತೆ ಅವನಿಗಿಂತ ಮೊದಲೇ ಪೇಟೆ ತಲುಪಿರುತ್ತದೆ.) "ನಿಮಗ ಉಸ್ತಾದ ಬೇಕು. ಹೌದಿಲ್ಲ? ಇಲ್ಲಿದ್ದಾನ ನೋಡ್ರಿ."

ಅವನು ಬಟ್ಟೆ ಸರಿಸಿ ತೋರಿಸಿದ್ದು ಚಾವಿ ಕೊಡುವ ಗ್ರಾಮೊಫೋನು. ಜತೆಗೆ ಒಂದೇ ಒಂದು ತಟ್ಟೆ. ನಮ್ಮ ಕಡೆ ರೊಟ್ಟಿಯ ಹಂಚಿಗೂ ಅದಕ್ಕೂ 'ತವಾ' ಎನ್ನುತ್ತಾರೆ. ಕರಿದು, ಗುಂಡಗೆ, ಮುಟ್ಟಿದರೆ ಬೈಸಿಕೊಳ್ಳುವಂಥದ್ದು, ಹೆಸರು ಸರಿಯಾಗಿಯೇ ಇದೆ.

"ಖಾಲಿಸ್, ಶುದ್ಧ ಮೈಸೂರು ಕನ್ನಡ ನಾಟಕದ ತವಾ. ಹೆಸರು ಉಜ್ಜಿ ಹೋಗ್ಯಾದ, ಇದರ ಜೋಡಿಯ ತವಾಗಳು ಒಡದು ಹೋಗ್ಯಾವ. ಆವಾಜ್ ಮಾತ್ರ ಜಿಂದಾ ಅದ."

"ಈ ಕಡ್ಡಿ ಯಾಕ?" ಎಂದೆ. ತಟ್ಟೆ ತಿರುಗುವ ಜಾಗದ ಪಕ್ಕದಲ್ಲಿ ಒಂದು ಸಣ್ಣ ಕಡ್ಡಿ ಈ ತುದಿಯಿಂದ ಆ ತುದಿಗೆ ಸರಿದಾಡುತ್ತಿತ್ತು.

"ಅದು ಚಾಲ್ ಸಂಭಾಳಿಸೋ ಕಡ್ಡಿ. ಈ ಕಡಿ ತಂದ್ರ ಆಹಿಸ್ತಾ, ಆ ಕಡಿ ಒಯ್ದ್ರ ಜೋರ್. ಹಳೇ ನವಾಬ್ ಸಾಹೇಬ್ರಿಗಿ ವಯಸ್ಸಾದ ಮ್ಯಾಲ ಲಗುಬಗಿ ಸಹನ ಆಗ್ತಿರಲಿಲ್ಲ. ಕಾರೀಗರನ್ನ ಕರಸಿ ಒಳಗಿನ ಸ್ಕ್ರೂ ಢೀಲಾ ಮಾಡಸಿದ್ರು. ಒಂದು ಗಜಲು ಹಚ್ಚಿದ್ರ ಸಾಹೇಬ್ರು ಒಂದು ನಿದ್ದಿ ಮಾಡಿ ಏಳತಿದ್ರು, ಗಜಲು ನಡದೇ ಇರ್ತಿತ್ತು."

"ಮತ್ತ ಸರಿಯಾದ ಚಾಲು ಯಾವದು?"

"ನಿಮ್ಮ ಕಿವಿಗಿ ಯಾವದು ಸರಿ ಅನಸ್ತದೋ ಅದು," ಎಂದ ವಾಹೀದ. ಇಂಥ ಉತ್ತರ ಕೊಡುವವನ ಬಳಿ ಏನನ್ನೂ ಕೊಳ್ಳಬಾರದು. ಕೊಂಡೆ.

ಮನೆಗೆ ತಂದು, ಜಗುಲಿಯ ಮೇಲಿಟ್ಟು, ಚಾವಿ ಕೊಟ್ಟು, ಕಡ್ಡಿಯನ್ನು ನವಾಬರ ತುದಿಯಲ್ಲೇ ಬಿಟ್ಟು ತಟ್ಟೆ ಹಚ್ಚಿದೆ. ಮೊದಲು ಮೊರದಲ್ಲಿ ಜೋಳ ಕೇರಿದಂಥ ಸದ್ದು. ಆಮೇಲೆ ಬಾವಿಯ ತಳದಿಂದ ಎದ್ದು ಬಂದಂತೆ ಒಂದು ಗಂಡಸಿನ ದನಿ:

"ಪ್ರ... ಭೂ... ತಮ್ಮ ದಾರಿ ಕಾದು... ಕಾದು... ಈ ಕಣ್ಣುಗಳು ಸೋತವು... ತಾವು ಬಂದಿರಿ... ಮನೆ ಬೆಳಗಿತು... ಇನ್ನು... ನನ್ನನ್ನು ಬಿಟ್ಟು... ಹೋಗಬೇಡಿ..."

ಅದಕ್ಕಿಂತಲೂ ಆಳದಿಂದ, ಬಾವಿಯ ಕೆಳಗೆ ಇನ್ನೊಂದು ಬಾವಿ ಇದ್ದಂತೆ, ಮತ್ತೊಂದು ದನಿ ಉತ್ತರಿಸಿತು:

"ಸಾ... ಕು... ಕಣ್ಣೀರು... ಒರೆಸಿಕೋ... ಕುದುರೆ... ಬಾಗಿಲಲ್ಲಿ... ನಿಂತಿದೆ... ಅಪ್ಪಣೆ... ಕೊಡು..."

ನನಗೆ ರೋಮಾಂಚನವಾಯಿತು. ಒಬ್ಬ ರಾಜ, ಒಬ್ಬ ಮಂತ್ರಿ. ಊರಿಗೆ ಬಂದ ಒಡೆಯನನ್ನು ಕೈಕೆಳಗಿನವನು ಸ್ವಾಗತಿಸುವ ಪ್ರಸಂಗ! ಎಂಥ ಗಾಂಭೀರ್ಯ, ಎಂಥ ಬಿಡುವು! ನಮ್ಮ ಹಳೆಯ ಸಾಹೇಬರುಗಳು ಗುಮಾಸ್ತರಿಗೆ ಕಣ್ಣೀರು ಬರಿಸುತ್ತಿದ್ದರು. ಮೈಸೂರಿನ ಕಡೆ ಮೇಲಧಿಕಾರಿಗಳು ಅದನ್ನು ಒರೆಸಿಕೊಳ್ಳಲು ಹೇಳುತ್ತಾರೆ. ಮೇಲಾಗಿ ಗುಮಾಸ್ತನ ಅಪ್ಪಣೆ ಕೇಳುತ್ತಾರೆ. ಆ ಕ್ಷಣದಲ್ಲಿ ನಾನು ಮೈಸೂರು ರಾಜ್ಯವನ್ನು ಮನಸಾರೆ ಒಪ್ಪಿಕೊಂಡೆ.

"ಇದೇನ್ರಿ, ಎಮ್ಮಿ ಈಯೂ ಮುಂದ ನರಳಿದಂಗ?" ಎಂದು ಗುಂಡಮ್ಮ ಒಳಗಿನಿಂದ ಬಂದಳು. ನಾನು ತಡೆಯುವುದರೊಳಗೆ ಕಡ್ಡಿಯನ್ನು ಆ ತುದಿಗೆ ತಳ್ಳಿದಳು. ಮೊರದ ಸದ್ದು ಹೋಗಿ ಎಣ್ಣೆಯಲ್ಲಿ ಪೂರಿ ಬಿಟ್ಟಂಥ ಸದ್ದು ಎದ್ದಿತು. ಅದರೊಳಗಿಂದ ಇಬ್ಬರು ಹೆಂಗಸರು ಒಂದೇ ನಲ್ಲಿಗೆ ಬಂದವರಂತೆ ಚಟಪಟ ಮಾತಾಡಿ ಮುಗಿಸಿದರು.

"ಈಗ ಕೇಳ್ರಿ. ಹೆಣಮಕ್ಕಳು. ಅಕ್ಕ-ತಂಗಿ. ತವರಿಗಿ ಬಂದ ಅಕ್ಕನ್ನ ತಂಗಿ ಹೋಗಬ್ಯಾಡ ಅಂತಾಳ. ಅಕ್ಕ ಹೋಗ್ತೇನಿ ಅಂತಾಳ."

"ಹುಚ್ಚಿ, ಪ್ರಭು ಅಂತಾರ ಅವರು. ಅಕ್ಕಗ ಯಾರಾದ್ರೂ ಪ್ರಭು ಅಂತಾರೇನು?"

"ಆಕಿ ಹೆಸರು ಪ್ರಭಾವತಿ ಇರಬೇಕು. ಪ್ರೀತೀಲೆ ಪ್ರಭು ಅಂತಾಳ."

"ಮತ್ತ ಕುದುರಿ?"

"ಟಾಂಗಾದ ಕುದುರಿ! ಅಷ್ಟೂ ತಿಳಿಯೂದಿಲ್ಲ ನಿಮಗ? ಟಾಂಗಾದವ ಬಾಗಿಲಾಗ ನಿಂತು ವದರ್ತಾನ, ಅದಕ್ಕ ಆಕಿ ಲಗುಬಗಿ ಮಾತಾಡ್ಲಿಕತ್ತಾಳ."

ಒಪ್ಪಬೇಕು, ವಾದ ಬಲವಾಗಿತ್ತು. ಆದರೆ ಅದರ ಹಿಂದಿನ ಗುಟ್ಟು ಬೇರೆ. ಆ ಜೋರಿನ ಗತಿಗೆ ಅವಳ ರೊಟ್ಟಿ ಬಡಿಯುವ ತಾಳ ಚೆನ್ನಾಗಿ ಹೊಂದುತ್ತಿತ್ತು. ನವಾಬರ ಗತಿಯಲ್ಲಿ ಬಡಿದರೆ ರೊಟ್ಟಿ ಹಂಚಿಗೆ ಹೋಗುವ ಮೊದಲೇ ಒಣಗುತ್ತಿತ್ತು.

ಅಂದಿನಿಂದ ಮನೆಯಲ್ಲಿ ಎರಡು ಮೈಸೂರುಗಳಾದವು. ನಾನು ಕಚೇರಿಗೆ ಹೋಗುವ ಮುನ್ನ ಕಡ್ಡಿ ಈಚೆಗೆ. ನಾನು ಹೊರಬಿದ್ದೊಡನೆ ಆಚೆಗೆ. ಆಚೆ ಈಚೆ ಎಳೆದಾಡಿ ಅದರ ಕೆಳಗಿದ್ದ ಗುರುತುಗಳು ಅಳಿಸಿಹೋದವು. ನಾನು ಹಟ ಹಿಡಿದು ಮಂತ್ರಿಯ ಮಾತನ್ನು ಬಾಯಿಪಾಠ ಮಾಡಿದೆ. ಆ ದನಿಯ ಆಳ ನನಗೆ ಸಿಗಲಿಲ್ಲ; ಆದ್ದರಿಂದ ಸ್ನಾನದ ಹಂಡೆಯೊಳಗೆ ತಲೆಯಿಟ್ಟು "ಪ್ರ... ಭೂ..." ಎಂದು ಅಭ್ಯಾಸ ಮಾಡಿದೆ. ಹಂಡೆ ಒಪ್ಪಿತು. ಹಿತ್ತಲಲ್ಲಿ ಎಮ್ಮೆಯೂ ಉತ್ತರ ಕೊಟ್ಟಿತು. ಪಕ್ಕದ ಮನೆಯ ಅಜೀಜಾ ಬೇಗಂ ಗೋಡೆಯ ಮೇಲಿಂದ ಇಣುಕಿ, "ಗುಂಡಮ್ಮಾ, ಭಾಯಿಸಾಬರ ತಬಿಯತ್ ಹ್ಯಾಂಗದ? ಹಕೀಮ್ ಸಾಹೇಬ್ರನ್ನ ಕರೀಲೇನು?" ಎಂದು ಕೇಳಿದರು.

"ಹಕೀಮರಿಂದ ಆಗೂದಲ್ರಿ ಬೇಗಂಸಾಬ್, ಇವರಿಗಿ ಮೈಸೂರು ಹತ್ತ್ಯಾದ," ಎಂದಳು ಗುಂಡಮ್ಮ.

ಸಾಹೇಬರು ಬಂದರು. ಕಚೇರಿಯ ಅಂಗಳದಲ್ಲಿ ಚಪ್ಪರ, ತೋರಣ. ತೆಳ್ಳಗೆ, ಬೆಳ್ಳಗೆ, ಕನ್ನಡಕ ಹಾಕಿಕೊಂಡು, ಯಾರನ್ನು ಕಂಡರೂ ತಾವೇ ಮೊದಲು ಕೈ ಮುಗಿಯುವ ಮನುಷ್ಯ. ಮೊದಲು ಹಾವಗೆಪ್ಪನ ಸರದಿ. ಅವನು ಹಾರ ಹಾಕಿ, "ಬರ್ರಿ ಸಾಹೇಬ್ರ. ಬಿಸಲು ಭಾಳ ಅದ. ನೀರು ಕುಡೀರಿ," ಎಂದು ಹಿಂದೆ ಸರಿದ. ಅವನ ಭಾಷೆಯ ದಾರಿದ್ರ್ಯ ಕಂಡು ನನಗೆ ಮರುಕವಾಯಿತು.

ನಾನು ಮುಂದೆ ಬಂದು ಹಾರ ಹಾಕಿದೆ. ಎದೆ ತುಂಬ ಗಾಳಿ ತೆಗೆದುಕೊಂಡೆ. ಹಂಡೆಯನ್ನು ಮನಸ್ಸಿನಲ್ಲಿ ನೆನೆದೆ.

"ಪ್ರ... ಭೂ..."

ಚಪ್ಪರದ ಮೇಲಿನ ಕಾಗೆ ಹಾರಿಹೋಯಿತು.

"ತಮ್ಮ ದಾರಿ... ಕಾದು... ಕಾದು... ಈ ಕಣ್ಣುಗಳು... ಸೋತವು..."

ಸಾಹೇಬರು ಕನ್ನಡಕ ತೆಗೆದರು. ಮತ್ತೆ ಹಾಕಿಕೊಂಡರು. ನಾನು ನವಾಬರ ಗತಿಯನ್ನು ಎಳ್ಳಷ್ಟೂ ಮೀರಲಿಲ್ಲ. ಅವರ ಮುಖ ಕೆಂಪಾಗುತ್ತ ಹೋಯಿತು, ಭಾವೋದ್ವೇಗ ಎಂದುಕೊಂಡೆ. "ಇನ್ನು... ನನ್ನನ್ನು ಬಿಟ್ಟು... ಹೋಗಬೇಡಿ..." ಎಂದು ಮುಗಿಸಿ ತಲೆ ಬಾಗಿಸಿದಾಗ ಇಡೀ ಕಚೇರಿ ಚಪ್ಪಾಳೆ ತಟ್ಟಿತು. ಯಾರಿಗೂ ಏನೂ ತಿಳಿದಿರಲಿಲ್ಲ, ಆದ್ದರಿಂದ ಎಲ್ಲರಿಗೂ ಅದು ಶುದ್ಧ ಮೈಸೂರು ಕನ್ನಡವೆಂದು ಖಾತ್ರಿಯಾಗಿತ್ತು. ಹಾವಗೆಪ್ಪ ಔರಾದಿಗೆ ಗಂಟು ಕಟ್ಟುವ ಮುಖ ಮಾಡಿದ.

ಸಾಹೇಬರು ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡು ಬಹಳ ಹೊತ್ತು ಕೆಮ್ಮಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಶಿವರಾಜಪ್ಪನವರೇ, ಈ ಮಾತು... ಇದನ್ನು ನೀವು ಯಾರ ಹತ್ತಿರ ಕಲಿತಿರಿ?" ಎಂದು ಕೇಳಿದರು.

"ಮನೆಯಲ್ಲಿ... ಗುರುಗಳು... ಇದ್ದಾರೆ... ಪ್ರಭೂ..." ಎಂದೆ, ಗತಿ ಬಿಡದೆ.

"ಭಾನುವಾರ ನಿಮ್ಮ ಮನೆಗೆ ಬರಬಹುದೇನ್ರೀ? ನಮ್ಮ ಮನೆಯವರನ್ನೂ ಕರಕೊಂಡು ಬರ್ತೀನಿ. ಅವರೂ ಇದನ್ನ ಕೇಳಲೇಬೇಕು."

ಸಾಹೇಬರು ತಾವಾಗಿ ಮನೆಗೆ! ಮನೆಗೆ ಓಡಿ ಬಂದು ಗುಂಡಮ್ಮನಿಗೆ ಹೇಳಿದೆ. ಅವಳು ಆ ಕ್ಷಣವೇ ಶೇಂಗಾ ಹುರಿಯಲು ಕುಳಿತಳು.

ಭಾನುವಾರ ಸಾಹೇಬರು, ಅವರ ಪತ್ನಿ ಬಂದರು. ಆಕೆ ದೊಡ್ಡ ಕಣ್ಣಿನ, ನಗು ತುಟಿಯಲ್ಲೇ ಇಟ್ಟುಕೊಂಡ ಹೆಂಗಸು. ಶೇಂಗಾ ಹೋಳಿಗೆ ತಿಂದು, ಚಾ ಕುಡಿದು, "ಎಲ್ಲಿ, ನಿಮ್ಮ ಗುರುಗಳನ್ನ ಕರೀರಿ," ಎಂದರು ಸಾಹೇಬರು.

ನಾನು ಮಂತ್ರವಾದಿಯಂತೆ ಬಟ್ಟೆ ಸರಿಸಿದೆ. ಸಾಹೇಬರು ತಮ್ಮ ಪತ್ನಿಯ ಕಡೆ ನೋಡಿ, "ನಾನು ಹೇಳಲಿಲ್ವಾ?" ಎಂದರು. ಏನು ಹೇಳಿದ್ದರೋ! ನಾನು ಚಾವಿ ಕೊಟ್ಟು, ಹೊಸ ಮುಳ್ಳು ಹಾಕಿ, ಕಡ್ಡಿಯನ್ನು ನವಾಬರ ತುದಿಗೆ ತಂದು ತಟ್ಟೆ ಹಚ್ಚಿದೆ.

"ಪ್ರ... ಭೂ..."

"ಇದೇನ್ರೀ, ಯಾರಿಗೋ ಬಹಳ ನೆಗಡಿಯಾಗಿದೆ," ಎಂದರು ಸಾಹೇಬರ ಪತ್ನಿ.

"ನೆಗಡಿ ಅಲ್ರಿ ಅಕ್ಕೋರ, ಇವರು ಹಿಂಗೇ ಎಳೀತಾರ," ಎಂದು ಗುಂಡಮ್ಮ ಮುಂದೆ ಬಂದಳು. "ಹೆಣಮಕ್ಕಳ ದನೀನ್ನ ಹಿಡದು ಗಂಡಸರ ದನಿ ಮಾಡ್ಯಾರ. ಖರೇ ಕೇಳಬೇಕಂದ್ರ ಹಿಂಗ ಕೇಳಬೇಕು." ಕಡ್ಡಿ ಆಚೆಗೆ ಹೋಯಿತು. ಅಕ್ಕ-ತಂಗಿಯರು ನಲ್ಲಿಯ ಕೆಳಗೆ ಕೊಡ ಇಟ್ಟರು.

"ಕೈ ತಗಿ," ಎಂದೆ, ಸಾಹೇಬರ ಎದುರು ನಗುತ್ತ, ಹಲ್ಲಿನ ಸಂದಿಯಿಂದ.

"ನೀವೇ ತಗೀರಿ."

"ಮಂತ್ರಿಗಳು ಮಾತಾಡೂದದ."

"ನಿಮ್ಮ ಮಂತ್ರಿಗಿ ಟಾಂಗಾ ತಪ್ತದ, ಬಿಡ್ರಿ!"

ನಾನು ಈಚೆ ಎಳೆದೆ, ಅವಳು ಆಚೆ ತಳ್ಳಿದಳು. ತಟ್ಟೆಯಲ್ಲಿದ್ದವರು ಒಮ್ಮೆ ಬಾವಿಗೆ ಬಿದ್ದರು, ಒಮ್ಮೆ ಮಾಳಿಗೆ ಹತ್ತಿದರು. ಕೊನೆಗೆ 'ಟಕ್' ಎಂದಿತು. ಕಡ್ಡಿ ನಟ್ಟನಡುವೆ ಸಿಕ್ಕಿಕೊಂಡು ಅಲುಗದೆ ನಿಂತಿತು. ಮೊರವೂ ಇಲ್ಲ, ಪೂರಿಯೂ ಇಲ್ಲ. ಜಗುಲಿಯ ಮೇಲೆ ನಮ್ಮ ನಡುವೆಯೇ ಕುಳಿತವಳಂತೆ ಒಬ್ಬ ಹೆಂಗಸು, ಎಳೆಯ ವಯಸ್ಸಿನವಳು, ಕೊರಳು ತುಂಬಿ ಹೇಳಿದಳು:

"ಪ್ರಭೂ, ತಮ್ಮ ದಾರಿ ಕಾದು ಕಾದು ಈ ಕಣ್ಣುಗಳು ಸೋತವು. ತಾವು ಬಂದಿರಿ, ಮನೆ ಬೆಳಗಿತು. ಇನ್ನು ನನ್ನನ್ನು ಬಿಟ್ಟು ಹೋಗಬೇಡಿ."

ಒಬ್ಬ ಗಂಡಸು, ಯುದ್ಧಕ್ಕೆ ಹೊರಟು ನಿಂತವನು, ಮೆಲ್ಲಗೆ ಅಂದ: "ಸಾಕು. ಕಣ್ಣೀರು ಒರೆಸಿಕೋ. ಕುದುರೆ ಬಾಗಿಲಲ್ಲಿ ನಿಂತಿದೆ. ಅಪ್ಪಣೆ ಕೊಡು."

ಆಮೇಲೆ ಅವನು ಅವಳ ಗಲ್ಲ ಹಿಡಿದಿರಬೇಕು. ಬಳೆಯ ಸದ್ದು ಕೂಡ ಸ್ಪಷ್ಟವಾಗಿ ಕೇಳಿತು.

ನನ್ನ ಕಣ್ಣ ಮುಂದೆ ಕಚೇರಿಯ ಚಪ್ಪರ, ತೋರಣ, ಚಪ್ಪಾಳೆ ಎಲ್ಲ ಒಂದೊಂದಾಗಿ ಬಂದು ನಿಂತವು. ನಾನು ಸಾಹೇಬರ ಕಡೆ ನೋಡಲಿಲ್ಲ. ಸಾಹೇಬರು ತೊಟ್ಟಿಲಿನ ಕಡೆ ನೋಡುತ್ತಿದ್ದರು.

ಮೊದಲು ಬಾಯಿ ಬಿಟ್ಟವಳು ಗುಂಡಮ್ಮ. "ಅಯ್ಯ ಶಿವನ! ಗಂಡ-ಹೆಂಡ್ತಿ!" ಎಂದಳು. ಅಷ್ಟಕ್ಕೇ ನಿಲ್ಲಿಸಿದ್ದರೆ ಸಾಕಿತ್ತು. ಅವಳು ನನ್ನ ಕಡೆ ತಿರುಗಿದಳು. "ಏನ್ರಿ, ಇಷ್ಟು ವರ್ಷ ಸಂಸಾರ ಮಾಡಿದಿವಿ. ಹಲಬರ್ಗಾಕ್ಕ ತವರಿಗಿ ಹೋಗಿ ಬಂದಾಗ ಒಂದಿನಾರ ನನಗ ದಾರಿ ಕಾಯ್ದೆ ಅಂದೀರೇನು? ಎಮ್ಮಿ ಹಾಲು ಹಿಂಡಗೊಡವಲ್ದು, ಲಗು ಬಾ ಅಂತೀರಿ. ಸಾಹೇಬ್ರಿಗಿ ಮಾತ್ರ ನಾಕು ಮಂದಿ ಮುಂದ, ಹಾರ ಹಾಕಿ, ಬಿಟ್ಟು ಹೋಗಬ್ಯಾಡ್ರಿ ಅಂದ್ರಿ?"

ಸಾಹೇಬರ ಪತ್ನಿ ಸೆರಗನ್ನು ಬಾಯಿಗೆ ತುರುಕಿಕೊಂಡರು. ಅದು ಸಾಲಲಿಲ್ಲ. ಎದ್ದು ಗೋಡೆ ಹಿಡಿದುಕೊಂಡರು. "ಅಯ್ಯೋ... ನಮ್ಮ ಕಡೆ ಮನೆಮನೆಯಲ್ಲೂ ಇದೇ ಪ್ಲೇಟು ಕಣ್ರೀ," ಎಂದರು, ಮಾತಿಗೊಂದು ಉಸಿರು ತೆಗೆಯುತ್ತ. "ಇವರು ಮೊನ್ನೆ ಮನೆಗೆ ಬಂದವರೇ, ಕಚೇರಿಯಲ್ಲಿ ರಾಣಿ ಸಿಕ್ಕಿದಳು, ಮೀಸೆ ಇದೆ, ಅಂದ್ರು. ನಾನು ನಂಬಲಿಲ್ಲ!"

ಅಜೀಜಾ ಬೇಗಂ ಗೋಡೆಯ ಮೇಲಿಂದ ಇಣುಕುತ್ತಿದ್ದರು ಎಂಬುದು ಆಗ ಗೊತ್ತಾಯಿತು. ಅವರೂ ನಗುತ್ತಿದ್ದರು.

ಹೊರಡುವಾಗ ಸಾಹೇಬರು ನನ್ನ ಭುಜದ ಮೇಲೆ ಕೈಯಿಟ್ಟರು. ಕೆಟ್ಟ ಮನುಷ್ಯರಲ್ಲ. "ಶಿವರಾಜಪ್ಪನವರೇ, ನೀವು ಬೇಜಾರು ಮಾಡ್ಕೋಬಾರದು. ಹಾವಗೆಪ್ಪನವರ ಮಾತೂ ನನಗೆ ತಿಳೀತು, ನಿಮ್ಮ ಮನೆಯವರ ಮಾತಂತೂ ಒಂದಕ್ಷರ ಬಿಡದೆ ತಿಳೀತು. ನೀವೂ ಹಾಗೇ ಮಾತಾಡಿದ್ದರೆ ಆಗ್ತಿತ್ತು. ಈಗ ಏನಾಗಿದೆ ಅಂದ್ರೆ... ನೀವು ನನ್ನ ಪಕ್ಕದಲ್ಲಿ ಕೂತು ಕಾಗದ ಮುಂದಿಟ್ಟರೆ, ಜನರ ಅಹವಾಲು ಕೇಳೋ ಹೊತ್ತಿನಲ್ಲಿ ನನಗೆ ನಗು ತಡೆಯೋಕಾಗಲ್ಲ. ಸರಕಾರಕ್ಕೆ ಅದು ಒಳ್ಳೇದಲ್ಲ."

ಹೀಗೆ ಮೈಸೂರು ಸರಕಾರದ ಗೌರವ ಕಾಪಾಡುವುದಕ್ಕಾಗಿ ನನ್ನನ್ನು ಔರಾದಿಗೆ ಕಳಿಸಲಾಯಿತು. ಹಾವಗೆಪ್ಪ ಪೇಶಕಾರನಾದ. ಅವನು ಈಗಲೂ ಸಾಹೇಬರಿಗೆ ಅಷ್ಟೇ ಹೇಳುತ್ತಾನೆ: ಬಿಸಲು ಭಾಳ ಅದ, ನೀರು ಕುಡೀರಿ.

ಗುಂಡಮ್ಮ ಬರುವಂತಿರಲಿಲ್ಲ, ಮಗಳು ಬರುವವಳಿದ್ದಳು. ನಾನು ಹೊರಡುವ ದಿನ ಬುತ್ತಿ ಕಟ್ಟಿಕೊಂಡು ಬಸ್ಸಿನ ತನಕ ಬಂದಳು. ನನ್ನ ಹಾಸಿಗೆಯ ಸುರುಳಿಯನ್ನು ಬಸ್ಸಿನ ನೆತ್ತಿಗೆ ಏರಿಸಿದ್ದರು. ಡ್ರೈವರು ಬೀಡಿ ಮುಗಿಸುತ್ತಿದ್ದ. ಅವಳು ಭಾನುವಾರದಿಂದ ನನ್ನ ಜತೆ ಹೆಚ್ಚು ಮಾತಾಡಿರಲಿಲ್ಲ. ಆ ದಿನ ಅವಳು ಕೇಳಿದ ಮಾತಿನ ಬಾಕಿ ನನ್ನ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಅತ್ತಿತ್ತ ನೋಡಿದೆ. ಯಾರೂ ಕೇಳುತ್ತಿರಲಿಲ್ಲ. ಗಂಟಲು ಸರಿಮಾಡಿಕೊಂಡು, ಕಡ್ಡಿಯನ್ನು ನಟ್ಟನಡುವೆ ಇಟ್ಟುಕೊಂಡವನಂತೆ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ, ಹೇಳಿದೆ:

"ಗುಂಡೂ, ಅಲ್ಲಿ ನಿನ್ನ ದಾರಿ ಕಾಯ್ತೇನಿ. ಕೂಸಿಂದೆಲ್ಲ ಮುಗದ ಮ್ಯಾಲ ಬಾ. ನನ್ನ ಒಬ್ಬನ್ನೇ ಬಿಟ್ಟು ಇರಬ್ಯಾಡ."

ಅವಳ ಮುಖ ಕೆಂಪಾಯಿತು. ಸೆರಗು ತುಟಿಗೆ ಹೋಯಿತು. ಕಣ್ಣಲ್ಲಿ ನೀರಾಡಿದಂತೆಯೂ ಕಂಡಿತು. ಅಂತೂ ಗೆದ್ದೆ ಎಂದುಕೊಂಡೆ. ಆಗ ಅವಳು ಎದೆ ಉಬ್ಬಿಸಿ, ಹುಬ್ಬು ಗಂಟಿಕ್ಕಿ, ಹಂಡೆಯ ತಳದಿಂದ ದನಿ ಎತ್ತಿದಳು:

"ಸಾ... ಕು..."

"ಏ, ಏನಿದು, ಮಂದಿ ನೋಡ್ತಾರ."

"ಕಣ್ಣೀ... ರು... ಒರೆಸಿ... ಕೋ..."

ಹಿಂದೆ ಬಸ್ಸು ಗುರ್ ಎಂದಿತು. ಹೆಂಡತಿ ರಾಜನಾಗಿ ಮಾತಾಡುವಾಗ ನಡುವೆ ಬೆನ್ನು ತಿರುಗಿಸುವುದು ಹೇಗೆ? ಮೊದಲೇ ಔರಾದನ್ನು ತಂದುಕೊಂಡ ಅಪರಾಧಿ ನಾನು. ನಿಂತೆ.

"ಕುದುರೆ... ಬಾಗಿಲಲ್ಲಿ... ನಿಂತಿದೆ..."

ನವಾಬರ ಗತಿಯನ್ನು ಅವಳು ನನಗಿಂತ ಚೆನ್ನಾಗಿ ಕಲಿತಿದ್ದಳು. "ಅಪ್ಪಣೆ... ಕೊಡು..." ಎಂದು ಮುಗಿಸುವ ಹೊತ್ತಿಗೆ ಬಾಗಿಲಲ್ಲಿ ಕುದುರೆ ಇರಲಿಲ್ಲ. ಔರಾದಿನ ರಸ್ತೆಯಲ್ಲಿ ಧೂಳು ಮಾತ್ರ ಎದ್ದಿತ್ತು. ಬುತ್ತಿ ನನ್ನ ಕೈಯಲ್ಲಿತ್ತು. ಹೊಸ ಜಾಗಕ್ಕೆ ಹೊತ್ತಿಗೆ ಸರಿಯಾಗಿ ಹಾಜರಾದದ್ದು ನನ್ನ ಹಾಸಿಗೆಯ ಸುರುಳಿ ಒಂದೇ.